ಒಂದು ಹಳೇ ಮೋಟಾರು ಗಾಡಿಯ ಬ್ರೇಕು ಕೊಳವೆಗಳು

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ಪರೀಕ್ಷೆಗಳ ಫಲಿತಾಂಶವನ್ನಾಗಲಿ ಕಟ್ಟಡದ ನಿಧಿಯನ್ನಾಗಲಿ ಕುರಿತಿರುವದು ವಾಡಿಕೆ. ಈ ಸಾರಿ ನಾವು ಒಂದು ಮೋಟಾರು ಗಾಡಿಯ ಬ್ರೇಕು ಕೊಳವೆಗಳ ವಿಷಯವನ್ನು ಆರಿಸಿಕೊಂಡಿದ್ದೇವೆ. ಹುಡುಗಿಯರ ಶಾಲೆಗೂ ಗಾಡಿಯ ಅಡಿಭಾಗಕ್ಕೂ ಏನು ಸಂಬಂಧವೆಂದು ಕೇಳುವವರು ದಯವಿಟ್ಟು ಕಡೆಯ ವರೆಗೂ ಓದಬೇಕೆಂದು ಬೇಡುತ್ತೇವೆ.

ನಮ್ಮೊಡನೆ ಇದೇ ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳತಿಯೊಬ್ಬಳು ಈಗ ಮಡಿಕೇರಿಯ ಸಮೀಪದಲ್ಲಿ ತಂದೆಯ ಕಾಫಿ ತೋಟವನ್ನು ನೋಡಿಕೊಂಡಿದ್ದಾಳೆ. ಆ ಮನೆಯಲ್ಲಿ ಒಂದು ಎಂ.ಜಿ. ಟಿ.ಸಿ. ಗಾಡಿಯುಂಟು. ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನಲ್ಲಿ 1945ರಿಂದ 1949ರ ವರೆಗೆ ಇಂಥ ಗಾಡಿಗಳು ಸುಮಾರು 10,000 ಮಾತ್ರ ತಯಾರಾದವು. ಎರಡೇ ಆಸನ, ಎತ್ತರವಾದ ಕಡ್ಡಿಚಕ್ರಗಳು, ಮಡಿಸಬಹುದಾದ ಬಟ್ಟೆಯ ಮಾಡು. ಗೆಳತಿಯ ತಾಯಿಯವರು ಸುಳ್ಯದ ಕಡೆಯವರು. ಹೊಸ ಮದುಮಗಳಾಗಿ ಸಂಪಾಜೆ ಘಾಟಿಯನ್ನು ಹತ್ತಿ ಬಂದದ್ದು ಈ ಗಾಡಿಯಲ್ಲಿಯೇ. ಯಜಮಾನರು ತೀರಿಹೋದ ಮೇಲೆ ಅದು ಆರು ಮಳೆಗಾಲ ಕೊಟ್ಟಿಗೆಯಲ್ಲಿ ನಿಂತಿತು. ಮುಪ್ಪಿನಲ್ಲಿ ಆ ತಾಯಿಗೆ ಉಳಿದಿದ್ದ ಆಶೆ ಒಂದೇ: ಅದೇ ಗಾಡಿಯಲ್ಲಿ ಕುಳಿತು ಒಂದು ಸಾರಿ ಘಾಟಿಯನ್ನು ಇಳಿದು ತೌರನ್ನು ನೋಡಿ ಬರುವದು.

ಸಂಪಾಜೆಯ ಇಳಿಜಾರು ಎಂಥದೆಂಬದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಆ ಮಾರ್ಗವೇ ಮುಚ್ಚಿಹೋದದ್ದನ್ನು ಯಾರೂ ಮರೆತಿಲ್ಲ. ಅಲ್ಲಿ ಗಾಡಿಯನ್ನು ಓಡಿಸುವದಕ್ಕಿಂತ ತಡೆಯುವದೇ ದೊಡ್ಡ ಕೆಲಸ. ಹೀಗಿರುವಲ್ಲಿ, ಹೊಳೆಯುವಂತೆ ಬಣ್ಣ ಬಳಿದು ಅಂಗಳಕ್ಕೆ ತಂದ ಗಾಡಿಯ ಬ್ರೇಕನ್ನು ಗೆಳತಿಯು ಒತ್ತಲಾಗಿ ಪೆಡಲು ನೆಲಕ್ಕೆ ತಗಲಿತು. ಹಿಂದಿನ ಚಕ್ರದ ಬಳಿಯಲ್ಲಿ ಬ್ರೇಕು ಆಯಿಲು ತೊಟ್ಟಿಕ್ಕಿತು.

ಒಡೆದ ತುಂಡನ್ನು ಮಾತ್ರ ಬದಲಿಸಿದರೆ ಸಾಕೆಂದು ಬಂಧುಗಳೊಬ್ಬರು ಹೇಳಿದರು. ವೃದ್ಧರಾದ ಮೇಸ್ತ್ರಿಯು ಉತ್ತರ ಕೊಡದೆ ಗಾಡಿಯ ಅಡಿಯಲ್ಲಿ ಮಲಗಿ, ಚಾಸಿಯ ಉದ್ದಕ್ಕೂ ಹೋಗಿದ್ದ ಕೊಳವೆಯನ್ನು ಚಾಕುವಿನಿಂದ ಕೆರೆದರು. ಬಣ್ಣದ ಕೆಳಗಿನಿಂದ ತುಕ್ಕು ಹುಡಿಯಾಗಿ ಉದುರಿತು. “ಒಡೆದದ್ದು ಒಂದು ಕಡೆ, ಅಮ್ಮಾ. ಸವೆದದ್ದು ಎಲ್ಲಾ ಕಡೆ” ಎಂದರು.

ಇದರಲ್ಲಿರುವ ಅಪಾಯವನ್ನು ನಮ್ಮ ಹುಡುಗಿಯರು ಪಾಸ್ಕಲನ ನಿಯಮವೆಂಬ ಹೆಸರಿನಲ್ಲಿ ಬಾಯಿಪಾಠ ಮಾಡುತ್ತಾರೆ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಕೊಟ್ಟ ಒತ್ತಡವು ಎಲ್ಲಾ ಕಡೆಗೂ ಸಮವಾಗಿ ಹರಡುತ್ತದೆ. ಆದಕಾರಣವೇ ಪಾದದ ಒಂದು ಒತ್ತಿಗೆ ನಾಲ್ಕು ಚಕ್ರಗಳೂ ನಿಲ್ಲುತ್ತವೆ. ಆದರೆ ಈ ಹಳೇ ಗಾಡಿಯಲ್ಲಿ ನಾಲ್ಕು ಚಕ್ರಗಳಿಗೂ ಇರುವದು ಒಂದೇ ದಾರಿ. ಎಲ್ಲಿಯಾದರೂ ಒಂದು ತೂತು ಬಿದ್ದರೆ ಒತ್ತಡವೆಲ್ಲವೂ ಅಲ್ಲಿಯೇ ಹೊರಟುಹೋಗುವದು. ದಾರಿಯನ್ನು ಎರಡಾಗಿ ಬೇರ್ಪಡಿಸಿ, ಒಂದು ಕೆಟ್ಟರೂ ಇನ್ನೊಂದು ಉಳಿಯುವಂತೆ ಮಾಡುವ ಕ್ರಮವು 1960ರ ದಶಕದ ನಂತರವೇ ಸಾಮಾನ್ಯವಾಯಿತು. ಈ ಪಾಠವನ್ನು ಕಣ್ಣಾರೆ ಕಾಣಲೆಂದು ನಾವು ಒಂದು ಶನಿವಾರ ಎಂಟು ಮಂದಿ ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋದೆವು.

ಮೇಸ್ತ್ರಿಯು ಹಳೇ ಕೊಳವೆಗಳನ್ನು ಕಳಚಿ ಗೋಣಿಯ ಮೇಲೆ ಸಾಲಾಗಿ ಇಟ್ಟಿದ್ದರು. ಗೆಳತಿಯು ಅವುಗಳ ಮುಂದೆ ಕುಳಿತು ಸುಮ್ಮನಾಗಿದ್ದಳು. ಅವುಗಳನ್ನು ಆಕೆಯ ತಂದೆಯವರು ಹಿಂದೊಮ್ಮೆ ತಾವೇ ಬಗ್ಗಿಸಿ ಕೂಡಿಸಿದ್ದರಂತೆ. “ಅಪ್ಪನ ಕೈಕೆಲಸವನ್ನು ಗುಜರಿಗೆ ಹೇಗೆ ಹಾಕಲಿ?” ಎಂದಳು. ಮೇಸ್ತ್ರಿಯು, “ಹಾಕುವದು ಬೇಡ, ಅದೇ ನಮಗೆ ಅಳತೆ” ಎಂದು ಹೇಳಿ, ಹೊಸ ಕೊಳವೆಯನ್ನು ಹಳೆಯದರ ಪಕ್ಕದಲ್ಲಿ ಇಟ್ಟು, ಬಾಗಿದಲ್ಲಿ ಬಾಗಿಸಿ, ತಿರುಗಿದಲ್ಲಿ ತಿರುಗಿಸಿದರು. ತಂದೆಯ ಕೈಯ ತಿರುವುಗಳು ಮಗಳ ಗಾಡಿಯಲ್ಲಿ ಹಾಗೆಯೇ ಉಳಿದವು. ಲೋಹ ಮಾತ್ರ ಹೊಸದು. ಹಿರಿಯರನ್ನು ಗೌರವಿಸುವ ರೀತಿಯೂ ಇದೇ ಎಂದು ಅಂದು ನಮಗೆ ತೋರಿತು.

ಹೊಸ ಕೊಳವೆಯು ತಾಮ್ರಕ್ಕೆ ಸುಮಾರು ನೂರರಲ್ಲಿ ಹತ್ತು ಪಾಲು ನಿಕಲ್ ಬೆರೆಸಿದ ಲೋಹ. ಇದು ಉಕ್ಕಿನಂತೆ ತುಕ್ಕು ಹಿಡಿಯುವದಿಲ್ಲವಾದ್ದರಿಂದ ನಮ್ಮ ಕೊಡಗಿನ ಮಳೆಗೆ ತಕ್ಕದ್ದು. ಬರೀ ತಾಮ್ರವಾದರೋ ಅದುರಿ ಅದುರಿ ಗಡುಸಾಗಿ ಬಿರಿಯುವ ಭಯವುಂಟು. ಕೊಳವೆಯ ತುದಿಯನ್ನು ಯಂತ್ರದಲ್ಲಿ ಬಿಗಿದು ತುತ್ತೂರಿಯ ಬಾಯಿಯಂತೆ ಅಗಲ ಮಾಡುತ್ತಾರೆ. ನಟ್ಟನ್ನು ಅದಕ್ಕೆ ಮುಂಚೆಯೇ ಕೊಳವೆಗೆ ತೂರಿಸಿರಬೇಕು. ತುದಿ ಅಗಲವಾದ ಮೇಲೆ ಅದು ಒಳಗೆ ಹೋಗದು. ಮೂರನೆಯ ಕೊಳವೆಯ ಹೊತ್ತಿಗೆ ನಮ್ಮ ಹುಡುಗಿಯೊಬ್ಬಳು, “ಮೇಸ್ತ್ರಿಗಳೇ, ನಟ್ಟು!” ಎಂದು ಕೂಗಿಬಿಟ್ಟಳು. ಮೇಸ್ತ್ರಿಯು ನಕ್ಕು, ಮುಂದಿನ ತುದಿಯನ್ನು ಅವಳ ಕೈಯಿಂದಲೇ ಮಾಡಿಸಿದರು. ಗುಂಡಿಯಂತೆ ಬಾಯಿ ಮುಚ್ಚಿಕೊಂಡಿರುವಳೆಂದು ತರಗತಿಯಲ್ಲಿ ಹೆಸರಾದ ಹುಡುಗಿ ಅವಳು.

ರಬ್ಬರು ಹೋಸುಗಳನ್ನೂ ಬದಲಿಸಲಾಯಿತು. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡರೆ ಅವು ದ್ರವವನ್ನು ಹಿಂದಕ್ಕೆ ಬಿಡದೆ, ಬ್ರೇಕು ಹಿಡಿದೇ ಇರುವದು. ತರುವಾಯ ಹೊಸ ಆಯಿಲು ತುಂಬಿ ಅತಿ ದೂರದ ಚಕ್ರದಿಂದ ಆರಂಭಿಸಿ ಏರು ತೆಗೆದರು. ಗಾಳಿಯು ಒತ್ತಿದರೆ ಕುಗ್ಗುತ್ತದೆ, ದ್ರವವು ಕುಗ್ಗದು. ಆದದರಿಂದ ಒಂದು ಗುಳ್ಳೆಯೂ ಉಳಿಯಬಾರದು. ಒಬ್ಬಳು ಪೆಡಲನ್ನು ಒತ್ತಿ ಹಿಡಿದಳು. ಉಳಿದವರು ಒಂದೊಂದು ಕೀಲಿನ ಕೆಳಗೂ ಬಿಳಿ ಕಾಗದವನ್ನು ಹಿಡಿದು ತೇವ ತಗಲುವದೋ ಎಂದು ನೋಡಿದರು. ಕಾಗದಗಳು ಒಣಗಿಯೇ ಇದ್ದವು. ಆಗಲೂ ಮೇಸ್ತ್ರಿಯು ಘಾಟಿಗೆ ಅಪ್ಪಣೆ ಕೊಡಲಿಲ್ಲ. ಮೊದಲು ಅಂಗಳ, ಆಮೇಲೆ ತೋಟದ ಸಣ್ಣ ಇಳಿಜಾರು, ಮತ್ತೊಮ್ಮೆ ಕೀಲುಗಳ ಪರೀಕ್ಷೆ.

ಮರುವಾರ ತಾಯಿಯೂ ಮಗಳೂ ತಗ್ಗಿನ ಗೇರಿನಲ್ಲಿ ಘಾಟಿಯನ್ನು ಇಳಿದರು. ನಾವು ಜೀಪಿನಲ್ಲಿ ಹಿಂದೆಯೇ ಹೋದೆವು. ಒಂದೊಂದು ತಿರುವಿನಲ್ಲಿಯೂ ಹಿಂದಿನ ಕೆಂಪು ದೀಪ ಹೊತ್ತಿ ಗಾಡಿಯು ವಿಧೇಯವಾಗಿ ನಿಧಾನಿಸುವದನ್ನು ಕಂಡ ಮೇಲೆಯೇ ನಮ್ಮ ಎದೆ ಹಗುರಾಯಿತು. ಸಂಪಾಜೆಯಲ್ಲಿ ಇಳಿದ ತಾಯಿಯವರು ಹೇಳಿದ್ದು ಇಷ್ಟೇ: “ಇವಳ ಅಪ್ಪ ಇಷ್ಟು ಮೆಲ್ಲಗೆ ಓಡಿಸುತ್ತಿರಲಿಲ್ಲ.”

ಪೋಷಕರಲ್ಲಿ ಒಂದು ಬಿನ್ನಹ. ಬ್ರೇಕು ಆಯಿಲು ಗಾಳಿಯ ತೇವವನ್ನು ಮೆಲ್ಲಮೆಲ್ಲಗೆ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲು 230 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಕೂಡದೆಂಬದು ನಿಯಮ. ನೀರು ಹೀರಿದ ಮೇಲೆ ಆ ಮಿತಿಯು 155ಕ್ಕೆ ಇಳಿಯುತ್ತದೆ. ಉದ್ದವಾದ ಇಳಿಜಾರಿನಲ್ಲಿ ಬ್ರೇಕು ಕಾದು ಆಯಿಲು ಕುದಿದರೆ ಆವಿಯ ಗುಳ್ಳೆಗಳೆದ್ದು ಪೆಡಲು ಪೊಳ್ಳಾಗುವದು. ಪ್ರತಿದಿನವೂ ಗುಡ್ಡಗಾಡಿನ ದಾರಿಗಳಲ್ಲಿ ಜೀಪು, ವ್ಯಾನು, ಕಾರುಗಳಲ್ಲಿ ನಮ್ಮ ಹುಡುಗಿಯರು ಶಾಲೆಗೆ ಬರುತ್ತಾರೆ. ಮುಂದಿನ ಮಳೆ ಹಿಡಿಯುವ ಮುಂಚೆ ನಿಮ್ಮ ಗಾಡಿಯ ಅಡಿಯನ್ನು ಒಬ್ಬ ಬಲ್ಲ ಮೇಸ್ತ್ರಿಗೆ ತೋರಿಸಿರಿ. ಎರಡು ವರ್ಷಕ್ಕೊಮ್ಮೆಯಾದರೂ ಆಯಿಲನ್ನು ಬದಲಿಸಿರಿ. ಮೇಸ್ತ್ರಿಯು ಕೊಳವೆಯನ್ನು ಕೆರೆಯುವಾಗ ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿರಿ. ಅವಳು ನಟ್ಟನ್ನು ನೆನಪಿಸುವಳು.