ವಿಸಿಲ್ ಯಾರ ಕೈಲಿರಬೇಕು?

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಬರೆಯೋಕೆ ಕೂತಾಗಲೆಲ್ಲ ಒಂದೇ ವಿಷಯ ತಲೆಗೆ ಬರ್ತಿತ್ತು, ಅದನ್ನ ಬರೆಯೋಕೆ ಮನಸ್ಸಾಗ್ತಿರಲಿಲ್ಲ. ಇವತ್ತು ಬರೆದೇ ಬಿಡ್ತೀನಿ.

ಗುಬ್ಬಿಯಲ್ಲಿ ಸಂಜೆ ಹೊತ್ತು ಒಂದಿಷ್ಟು ಹುಡುಗರಿಗೆ ವಾಲಿಬಾಲ್ ಆಡಿಸ್ತೀನಿ. ಹತ್ತೊಂಬತ್ತು ವರ್ಷ ಆಯ್ತು. ಸಂಬಳ ಇಲ್ಲ, ಹುದ್ದೆ ಇಲ್ಲ. ಕೊರಳಲ್ಲೊಂದು ವಿಸಿಲ್, ನೆಟ್ ಇಡೋ ರೂಮಿನ ಬೀಗದ ಕೈ, ಇಷ್ಟೇ ನನ್ನ ಅಧಿಕಾರ. ಕಳೆದ ದಸರಾ ಸಮಯದಲ್ಲಿ ಒಂದು ಟೂರ್ನಮೆಂಟಿಗೆ ಹೋಗಿದ್ವಿ. ಫೈನಲ್, ಕೊನೇ ಸೆಟ್ಟು, 11-11. ಪಕ್ಕದಲ್ಲಿ ಕೂತಿದ್ದ ಹುಡುಗ ಮೆಲ್ಲಗೆ ಹೇಳಿದ, "ಅಣ್ಣ, ಲಿಫ್ಟರ್ ಸುಸ್ತಾಗವ್ನೆ. ಬದ್ಲಾಯಿಸಣ." ಹತ್ತು ವರ್ಷದವನಿದ್ದಾಗ ನನ್ನ ಹತ್ರ ಬಂದವನು, ಈಗ ಡಿಗ್ರಿ ಮುಗಿಸಿದಾನೆ. "ಸುಮ್ನೆ ಕೂತ್ಕೊಳಪ್ಪ, ನಂಗೊತ್ತು" ಅಂದೆ. 15-12ಕ್ಕೆ ಸೋತ್ವಿ. ಕೊನೇ ಮೂರು ಪಾಯಿಂಟೂ ಲಿಫ್ಟ್ ಸರಿಯಾಗಿ ಬೀಳದೆ ಹೋಗಿದ್ದು.

ವಾಪಸ್ ಬರ್ತಾ ಟೆಂಪೋದಲ್ಲಿ ಯಾರೂ ಮಾತಾಡಲಿಲ್ಲ. ಇಳಿದ ಮೇಲೆ ಅವನು ಹತ್ತಿರ ಬಂದ. "ಅಣ್ಣ, ಬೇಜಾರ್ ಮಾಡ್ಕಬೇಡಿ. ಇನ್ಮೇಲೆ ನೀವು ಕೂತ್ಕೊಂಡು ನೋಡಿ. ನಾವು ಆಡಿಸ್ತೀವಿ."

ಬೇಜಾರಾಯ್ತು. ಸುಳ್ಳು ಯಾಕೆ ಹೇಳ್ಲಿ? ಆವತ್ತು ರಾತ್ರಿ ಊಟ ಸೇರಲಿಲ್ಲ.

ಆಮೇಲೆ ನಗೂನೂ ಬಂತು. ಯಾಕಂದ್ರೆ ಇದೇ ವಿಷಯಕ್ಕೆ ನಾನು ವರ್ಷಗಟ್ಟಲೆ ಸ್ನೇಹಿತರ ಜೊತೆ ಜಗಳ ಆಡಿದ್ದೆ. ಆಡಿಸೋದು ವಾಲಿಬಾಲ್ ಆದ್ರೂ ಟೀವಿಯಲ್ಲಿ ನಿದ್ದೆಗೆಟ್ಟು ನೋಡೋದು ಫುಟ್‌ಬಾಲ್. ಅದರಲ್ಲೂ ಆರ್ಸೆನಲ್. ಅಲ್ಲಿನ ಮ್ಯಾನೇಜರ್ ಆರ್ಸೆನ್ ವೆಂಗರ್ 1996ರಲ್ಲಿ ಬಂದವರು. 1998, 2002, 2004ರಲ್ಲಿ ಲೀಗ್ ಗೆದ್ದರು. 2003-04ರಲ್ಲಂತೂ ಲೀಗಿನ 38 ಪಂದ್ಯದಲ್ಲಿ ಒಂದನ್ನೂ ಸೋಲಲಿಲ್ಲ. ಅದಾದ ಮೇಲೆ ಲೀಗ್ ಸಿಗಲೇ ಇಲ್ಲ. 2006ರಲ್ಲಿ ಹೊಸ ಸ್ಟೇಡಿಯಂಗೆ ಹೋದರು, ಅದರ ಸಾಲ ಬೇರೆ, ಕೈ ಬಿಗಿ ಹಿಡಿದು ತಂಡ ನಡೆಸಬೇಕಿತ್ತು. ಹಾಗಿದ್ದೂ ವರ್ಷವರ್ಷ ಮೊದಲ ನಾಲ್ಕರೊಳಗೇ ಇರ್ತಿದ್ದರು. ಆದ್ರೆ ಜನಕ್ಕೆ ಸಾಕಾಗಿತ್ತು. 'ವೆಂಗರ್ ಔಟ್' ಅಂತ ಬ್ಯಾನರ್ ಹಿಡಿದು ಬರೋಕೆ ಶುರು ಮಾಡಿದರು.

ನಾನು 'ಇರ್ಲಿ ಬಿಡಿ' ಅನ್ನೋ ಗುಂಪಿನವನು. 2017ರ ಮೇನಲ್ಲಿ ಎಫ್‌ಎ ಕಪ್ ಗೆದ್ದು, ಇನ್ನೆರಡು ವರ್ಷಕ್ಕೆ ಸಹಿ ಹಾಕಿದಾಗ ಕುಣಿದಾಡಿದ್ದೆ. ಮುಂದಿನ ಸಲ ತಂಡ ಆರನೇ ಸ್ಥಾನಕ್ಕೆ ಬಿತ್ತು. 2018ರ ಏಪ್ರಿಲಿನಲ್ಲಿ ಅವರೇ ಹೊರಡ್ತೀನಿ ಅಂದರು. ಆಗೆಲ್ಲ ನನ್ನ ವಾದ ಒಂದೇ: ಅವರು ಹೋದ್ರೆ ಆ ಜಾಗಕ್ಕೆ ಬರೋರು ಯಾರಿದ್ದಾರೆ ಹೇಳಿ?

ಅದೊಂದು ಬ್ರಹ್ಮಾಸ್ತ್ರ ಅನ್ಕೊಂಡಿದ್ದೆ. ಈಗ ಯೋಚಿಸಿದ್ರೆ ಆ ಪ್ರಶ್ನೆ ನನ್ನ ವಾದಕ್ಕೇ ತಿರುಗಿಬೀಳುತ್ತೆ. ಇಪ್ಪತ್ತು ವರ್ಷ ಒಬ್ಬರೇ ನಡೆಸಿದ ಮೇಲೂ ಆ ಜಾಗಕ್ಕೆ ಬರೋರು ಯಾರೂ ಕಾಣಲ್ಲ ಅಂದ್ರೆ, ಆ ಇಪ್ಪತ್ತು ವರ್ಷದಲ್ಲಿ ಏನೋ ಒಂದು ಕೆಲಸ ಬಾಕಿ ಉಳಿದಿದೆ ಅಂತ ತಾನೇ ಅರ್ಥ?

ಸರಿಯಾದ ಹೊತ್ತಿಗೆ ಎದ್ದು ಹೋದ್ರೆ ಸಾಕು ಅಂತೀರಾ? ಅದೂ ಸಾಲದು. ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗ್ಯುಸನ್ 1986ರಿಂದ 2013ರ ತನಕ ಇದ್ದು, 13ನೇ ಲೀಗ್ ಗೆದ್ದ ವರ್ಷವೇ ಬಿಟ್ಟರು. ಮುಂದಿನವರನ್ನ ಅವರೇ ಆರಿಸಿದ್ದು. ಡೇವಿಡ್ ಮೋಯೆಸ್‌ಗೆ ಆರು ವರ್ಷದ ಕರಾರು ಕೊಟ್ಟರು, ಹತ್ತು ತಿಂಗಳು ತುಂಬೋ ಮೊದಲೇ ಮನೆಗೆ ಕಳಿಸಿದರು. ಹೆಸರು ಹೇಳಿ ಹೋಗೋದು ಬೇರೆ, ಆಳನ್ನ ತಯಾರು ಮಾಡಿ ಹೋಗೋದು ಬೇರೆ.

ಇಂಗ್ಲೆಂಡಿನ ಮಾತು ಯಾಕೆ, ನಮ್ಮಲ್ಲಿಗೇ ಬರೋಣ. ಭಾರತದ ಫುಟ್‌ಬಾಲಿನಲ್ಲಿ ಹತ್ತಾರು ವರ್ಷ ಉಳಿದ ಕೋಚ್ ಅಂದ್ರೆ ಹೈದರಾಬಾದಿನ ರಹೀಮ್ ಸಾಹೇಬರು. 1950ರಲ್ಲಿ ವಹಿಸಿಕೊಂಡವರು 1963ರಲ್ಲಿ ತೀರಿಕೊಳ್ಳೋ ತನಕ ಇದ್ದರು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಎರಡೂ ಅವರ ಕಾಲದ್ದೇ. ಅವರು ಹೋದ ಮೇಲೆ ಏಷ್ಯನ್ ಗೇಮ್ಸ್‌ನಲ್ಲಿ ಇನ್ನೊಂದು ಚಿನ್ನ ಬರಲಿಲ್ಲ. ಈಗಿನ ಕ್ಲಬ್ಬುಗಳಲ್ಲಿ ಕೋಚ್‌ಗಳು ಬಾಡಿಗೆ ಮನೇಲಿದ್ದ ಹಾಗೆ ಬಂದು ಹೋಗ್ತಾರೆ. ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2013ರಲ್ಲಿ ವೆಸ್ಟ್‌ವುಡ್ ಬಂದು ಎರಡು ಸಲ ಐ-ಲೀಗ್ ಗೆಲ್ಲಿಸಿ ಹೋದರು. ರೋಕಾ ಬಂದು 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತನಕ ಕರ್ಕೊಂಡು ಹೋಗಿ ಹೊರಟರು. ಕ್ವಾಡ್ರಾಟ್ 2018-19ರಲ್ಲಿ ಐಎಸ್‌ಎಲ್ ಗೆಲ್ಲಿಸಿದರು, 2021ರ ಜನವರಿಯಲ್ಲಿ ಅವರೂ ಇರಲಿಲ್ಲ. ಇಷ್ಟೆಲ್ಲ ಬಂದು ಹೋದವರ ಮಧ್ಯೆ ಮೊದಲಿಂದ ನಿಂತಿದ್ದವರು ಸುನಿಲ್ ಛೆಟ್ರಿ. ಹಾಗಾಗಿ 'ಇವರು ಇಳೀಬೇಕಾ, ಇರಬೇಕಾ' ಅನ್ನೋ ಪ್ರಶ್ನೆ ನಮ್ಮಲ್ಲಿ ಮ್ಯಾನೇಜರ್ ಮೇಲೆ ಬೀಳಲಿಲ್ಲ, ನಾಯಕನ ಮೇಲೆ ಬಿತ್ತು.

ಛೆಟ್ರಿ ಇಳಿದರು ಕೂಡ. 2024ರ ಜೂನ್ 6, ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಕೊನೇ ಪಂದ್ಯ, 0-0. ದೇಶಕ್ಕಾಗಿ 151 ಪಂದ್ಯ, 94 ಗೋಲು. ಆಗ ಇನ್ನೂ ಆಡ್ತಿದ್ದವರ ಪೈಕಿ ರೊನಾಲ್ಡೊ, ಮೆಸ್ಸಿ ಬಿಟ್ಟರೆ ಇವರೇ. ಎಷ್ಟು ಚೆನ್ನಾಗಿ ಹೋದರು ಅಂತ ನಾನೂ ಕಣ್ಣೊರೆಸಿಕೊಂಡೆ. ಆದ್ರೆ ಆ ವರ್ಷ ಪೂರ್ತಿ ಭಾರತ ಒಂದು ಪಂದ್ಯಾನೂ ಗೆಲ್ಲಲಿಲ್ಲ. ಗೋಲು ಹೊಡೆಯೋರೇ ಇಲ್ಲ. ಅತ್ತ ಬೆಂಗಳೂರಿಗೆ ಆಡ್ತಾ ಛೆಟ್ರಿ ಗೋಲಿನ ಮೇಲೆ ಗೋಲು ಹೊಡೀತಿದ್ದರು. 2025ರ ಮಾರ್ಚಿನಲ್ಲಿ ನಲವತ್ತು ವರ್ಷದ ಮನುಷ್ಯನನ್ನ ವಾಪಸ್ ಕರೆದರು. ಮಾರ್ಚ್ 19ಕ್ಕೆ ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧ 3-0 ಗೆಲುವು, ಅದರಲ್ಲೊಂದು ಛೆಟ್ರಿ ತಲೆಯಲ್ಲಿ ಹೊಡೆದ ಗೋಲು. ನಾನು ಮನೇಲಿ ಕಿರುಚಿದ್ದು ಕೇಳಿ ಪಕ್ಕದ ಮನೆಯವರು ಏನಾಯ್ತು ಅಂತ ಬಂದಿದ್ದರು :-)

ಅಕ್ಟೋಬರ್ 14ಕ್ಕೆ ಗೋವಾದಲ್ಲಿ ಸಿಂಗಾಪುರದ ಎದುರು 2-1ಕ್ಕೆ ಸೋತು 2027ರ ಏಷ್ಯನ್ ಕಪ್ ಕೈಬಿಟ್ಟು ಹೋಯ್ತು.

'ಹೋದವರು ಯಾಕೆ ವಾಪಸ್ ಬಂದ್ರು' ಅಂತ ಆಗ ತುಂಬಾ ಜನ ಛೆಟ್ರಿಯನ್ನ ಆಡಿಕೊಂಡರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಕರೆದಾಗ ಬಂದರು, ಕೈಲಾದ್ದು ಮಾಡಿದರು. ಹತ್ತೊಂಬತ್ತು ವರ್ಷ ಒಬ್ಬರ ಕಾಲನ್ನೇ ನಂಬಿ ಕೂತು, ಆ ಕಾಲು ಒಂದು ದಿನ ನಿಲ್ಲುತ್ತೆ ಅಂತ ಗೊತ್ತಿದ್ದೂ ಇನ್ನೊಬ್ಬನನ್ನ ಬೆಳೆಸದೆ ಇದ್ದಿದ್ದು ತಪ್ಪು. ಅದು ಆಡೋನ ತಪ್ಪಲ್ಲ, ಆಡಿಸೋರ ತಪ್ಪು.

ಇಲ್ಲಿ ಬಂದು ನನ್ನ ಬೆರಳು ನಿಂತುಬಿಡ್ತು. ಯಾಕಂದ್ರೆ ಗುಬ್ಬಿಯಲ್ಲಿ ಆಡಿಸೋನು ನಾನೇ.

ನಮ್ಮೂರಿನವರಿಗೆ ಇದನ್ನ ಹೊರಗಿನವರು ಹೇಳಿಕೊಡಬೇಕಿರಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿಗೆ ಮನೆ ಬಿಟ್ಟು ಓಡಿಬಂದು ಸೇರಿದ ಹುಡುಗರಲ್ಲಿ ಬಿ.ವಿ. ಕಾರಂತರೂ ಒಬ್ಬರು. ಒಳ್ಳೇ ಹುಡುಗ, ಕಂಪನಿಗೆ ಬೇಕಾಗ್ತಾನೆ ಅಂತ ಕಟ್ಟಿ ಹಾಕಿಕೊಳ್ಳಲಿಲ್ಲ ವೀರಣ್ಣನವರು. ಎಂ.ಎ. ಓದು ಅಂತ ಬನಾರಸ್ಸಿಗೆ ಕಳಿಸಿದರು. ಆ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ನಡೆಸಿದರು, 1989ರಲ್ಲಿ ಮೈಸೂರಿಗೆ ಬಂದು ರಂಗಾಯಣ ಕಟ್ಟಿದರು.

ಇನ್ನು ಸಿದ್ಧಗಂಗೆ. ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತವರು. 1988ರಲ್ಲೇ ಸಿದ್ಧಲಿಂಗ ಸ್ವಾಮಿಗಳನ್ನ ಉತ್ತರಾಧಿಕಾರಿ ಮಾಡಿದರು. ಆಮೇಲೆ ಮೂವತ್ತು ವರ್ಷ ಬದುಕಿದ್ದರು. 2019ರ ಜನವರಿಯಲ್ಲಿ 111ನೇ ವಯಸ್ಸಿಗೆ ಲಿಂಗೈಕ್ಯರಾದಾಗ ಲಕ್ಷಗಟ್ಟಲೆ ಜನ ಅತ್ತರು, ಆದ್ರೆ ಮುಂದೆ ಯಾರು ಅಂತ ಒಬ್ಬರೂ ಕೇಳಲಿಲ್ಲ. ಮಕ್ಕಳ ಊಟ ತಪ್ಪಲಿಲ್ಲ. ಆ ದೊಡ್ಡವರ ಜೊತೆ ನನ್ನ ವಾಲಿಬಾಲನ್ನ ಹೋಲಿಸ್ತಿಲ್ಲ, ತಪ್ಪು ತಿಳೀಬೇಡಿ. ಇರೋವಾಗಲೇ ಕೊಡಬಹುದು, ಕೊಟ್ಟ ಮೇಲೂ ಇರಬಹುದು ಅನ್ನೋದನ್ನ ಕಣ್ಣೆದುರೇ ನೋಡಿದ್ದೂ ನನಗೆ ಹೊಳೆದಿರಲಿಲ್ಲ, ಅಷ್ಟೇ.

ಹೋದ ಸೋಮವಾರ ಆ ಹುಡುಗನನ್ನ ಕರೆದು ವಿಸಿಲ್ ಕೊಟ್ಟೆ. ಬೀಗದ ಕೈನೂ ಕೊಟ್ಟೆ. ವಿಸಿಲ್ ತಗೊಂಡ. ಬೀಗದ ಕೈ ನೋಡಿ "ಇದು ನಿಮ್ಮತ್ರಾನೇ ಇರ್ಲಿ ಅಣ್ಣ" ಅಂದ. "ಬೇಡಪ್ಪ, ಇದು ನನ್ನ ಹತ್ರ ಇದ್ರೆ ನಾಳೆ ನಾನೇ ಮೊದ್ಲು ಬಂದು ಬಾಗಿಲು ತೆಗೀತೀನಿ" ಅಂದೆ. ನಕ್ಕ.

ಮೊದಲ ದಿನ ಗೆರೆಯಾಚೆ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಹತ್ತು ನಿಮಿಷ ತಡಕೊಂಡೆ. ಒಬ್ಬ ನೆಟ್ ಹತ್ರ ಕೈ ಕೆಳಗಿಟ್ಟು ನಿಂತಿದ್ದು ನೋಡಿ "ಕೈ ಮೇಲೆ ಕಣೋ!" ಅಂತ ಕೂಗೇಬಿಟ್ಟೆ. ಆರೂ ಜನ ನನ್ನ ಕಡೆ ತಿರುಗಿದರು, ಆಟ ನಿಂತಿತು. ಅವನು ಏನೂ ಅನ್ನಲಿಲ್ಲ, ವಿಸಿಲ್ ಬಾಯಲ್ಲಿಟ್ಟುಕೊಂಡು ಸುಮ್ಮನೆ ನನ್ನನ್ನೇ ನೋಡಿದ. ನಾನು ಎದ್ದು ಟೀ ಕುಡಿಯೋಕೆ ಹೋದೆ.

ವಾಪಸ್ ಬರೋವಾಗ ದೂರದಿಂದಲೇ ವಿಸಿಲ್ ಕೇಳಿಸ್ತು. ನಾನು ಊದೋದಕ್ಕಿಂತ ಚುಟುಕಾಗಿ ಊದ್ತಾನೆ. ಹೊಟ್ಟೆಯೊಳಗೆ ಏನೋ ಒಂಥರಾ ಆಯ್ತು. ನೋವಾ, ಸಮಾಧಾನವಾ, ಇನ್ನೂ ಗೊತ್ತಾಗಿಲ್ಲ.

ನಿಮ್ಮಲ್ಲೂ ಸಂಘ, ನಾಟಕ, ಪತ್ರಿಕೆ ಅಂತ ವರ್ಷಗಟ್ಟಲೆ ಏನನ್ನಾದ್ರೂ ನಡೆಸಿದವರು ಇರ್ತೀರಿ. ನೀವು ಕೊಟ್ಟಿದ್ದು ಯಾವಾಗ? ಕೊಟ್ಟ ಮೇಲೆ ಕೂಗದೆ ಹೇಗೆ ಕೂತ್ರಿ? ಸ್ವಲ್ಪ ಹೇಳಿಕೊಡಿ. ನಾಳೆ ಸಂಜೆ ಮತ್ತೆ ಆ ಕಲ್ಲುಬೆಂಚಿನ ಮೇಲೆ ಕೂರಬೇಕು.