ಕಲ್ಲು ಮತ್ತು ಸದ್ದು

ಶಹಾಬಾದಿನ ಫರಸಿಕಲ್ಲು ಮಾತನ್ನು ನುಂಗುವುದಿಲ್ಲ, ಹಾಗೆಯೇ ಹಿಂದಿರುಗಿಸುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹಳೆಯ ಮನೆಗಳಲ್ಲಿ ತಂಬಿಗೆಯೊಂದು ನೆಲಕ್ಕೆ ಬಿದ್ದರೆ ಕೋಣೆಯೆಲ್ಲ ಝಣಝಣಿಸುತ್ತದೆ. ವಾಡಿಯಲ್ಲಿ ಸಿಮೆಂಟಾಗುವುದೂ ಈ ಜಾತಿಯ ಸುಣ್ಣಕಲ್ಲೇ.

ಇಂಥ ಗಡಸು ಕಲ್ಲು ಪುಡಿಯಾಗಿ ಸದ್ದಡಗಿಸಲು ನೆರವಾಗಬಲ್ಲದೆಂದು ತಿಳಿದಾಗ ನಾನು ಬೆರಗಾದೆನು. ಪಾಲಿಯುರಿಥೇನ್ ಫೋಮಿನ ತುಂಬ ಒಂದಕ್ಕೊಂದು ಕೂಡಿದ ಕಿರುರಂಧ್ರಗಳಿರುತ್ತವೆ. ಶಬ್ದವೆಂದರೆ ಗಾಳಿಯ ಕಂಪನವಷ್ಟೆ; ಅದು ಆ ಓಣಿಗಳಲ್ಲಿ ನುಸುಳುವಾಗ ಉಜ್ಜಿ ಉಜ್ಜಿ ಶಾಖವಾಗಿ ಕರಗುತ್ತದೆ. ಕೀರಲು ದನಿ ಬೇಗ ಅಡಗುತ್ತದೆ, ಯಂತ್ರದ ಗುಡುಗು ಸುಲಭವಾಗಿ ಅಡಗದು. ಫೋಮನ್ನು ತಯಾರಿಸುವಾಗ ಸುಣ್ಣಕಲ್ಲಿನ ನುಣ್ಣನೆಯ ಪುಡಿಯನ್ನು ಹದವರಿತು ಬೆರೆಸಿದರೆ ತೂಕ ಹೆಚ್ಚುತ್ತದೆ, ಓಣಿಗಳು ಅಂಕುಡೊಂಕಾಗುತ್ತವೆ. ಆಗ ಗುಡುಗೂ ತುಸು ತಗ್ಗಬಹುದು. ಪುಡಿ ಮಿತಿಮೀರಿದರೆ ಫೋಮ್ ಬಿರುಸಾಗಿ, ಶಬ್ದ ಹೊರಗಿನಿಂದಲೇ ಮರಳುತ್ತದೆ. ಜೋಳದ ಹಿಟ್ಟು ನಾದುವ ನಮ್ಮ ತಾಯಂದಿರಿಗೆ ಹದದ ಈ ಮಾತು ಹೊಸತಲ್ಲ.

ಗಣಿಯಲ್ಲಿಯೂ ಕಾರ್ಖಾನೆಯಲ್ಲಿಯೂ ದುಡಿಯುವವರ ಕಿವಿಯ ಪ್ರಶ್ನೆ ಇಲ್ಲಿದೆ. 85 ಡೆಸಿಬೆಲ್ ಮೀರಿದ ಸದ್ದಿನಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಗಟ್ಟಲೆ ಕಳೆದರೆ ಶ್ರವಣಶಕ್ತಿ ಕುಂದಬಹುದು. ಹಾಗೆ ಕುಂದಿದ್ದು ಮರಳಿ ಬಾರದು. ಯಂತ್ರಚಾಲಕನ ಕೋಣೆಯ ಒಳಗೋಡೆಗೆ ಫೋಮ್ ಹೊದಿಸಿದರೆ ಒಳಗಿನ ಪ್ರತಿಧ್ವನಿ ತಗ್ಗುತ್ತದೆ. ಹೊರಗಿನ ಸದ್ದನ್ನು ತಡೆಯಲು ಮಾತ್ರ ಭಾರವಾದ ಗೋಡೆಯೇ ಬೇಕು. ಅಲ್ಲಿ ಶಹಾಬಾದಿನ ಕಲ್ಲು ಪುಡಿಯಾಗದೆ ಇಡಿಯಾಗಿಯೇ ನಿಲ್ಲಬೇಕು.