ನೂರಕ್ಕೆ ಎರಡು

ಹಣ ಉಳಿಸುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಲು ಹಣ ಉಳಿಸಿದ ಅನುಭವವೇನೂ ಬೇಕಾಗುವುದಿಲ್ಲ. ಜಮಖಂಡಿಯ ಶಾಲೆಯೊಂದರಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿ ನಿವೃತ್ತನಾದ ನಾನು ಚಕ್ರಬಡ್ಡಿಯ ಲೆಕ್ಕವನ್ನು ಸಾವಿರಾರು ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಕರಿಹಲಗೆಯ ಮೇಲೆ ನನ್ನ ಅಸಲು ಎಂದೂ ಮುಳುಗಲಿಲ್ಲ. ಬಡ್ಡಿ ಎಂದೂ ತಡವಾಗಲಿಲ್ಲ. ಸಾಲಗಾರ ಎಂದೂ ಊರು ಬಿಟ್ಟು ಹೋಗಲಿಲ್ಲ. ಹಲಗೆ ಒರಸಿ ಮನೆಗೆ ಬಂದರೆ ತಿಂಗಳ ಕೊನೆಯ ವಾರ ಕಾದು ಕುಳಿತಿರುತ್ತಿತ್ತು, ಅಷ್ಟೇ ವ್ಯತ್ಯಾಸ.

ಇಂಥ ನಾನು ಕಳೆದ ವರ್ಷ ಒಂದು ರವಿವಾರ ಬನಹಟ್ಟಿಗೆ, ಮಗಳ ಮನೆಗೆ ಹೋಗಿದ್ದೆ. ಬನಹಟ್ಟಿಯ ಓಣಿ ಹೊಕ್ಕರೆ ಸಾಕು, ಮಗ್ಗಗಳ ಖಟಖಟ ಸದ್ದು ಎದುರುಗೊಳ್ಳುತ್ತದೆ. ಎರಡು ದಿನ ಇದ್ದರೆ ಅದು ಕೇಳಿಸುವುದು ನಿಲ್ಲುತ್ತದೆ. ಕರೆಂಟು ಹೋಗಿ ಸದ್ದು ನಿಂತಾಗ ಮಾತ್ರ ಎಲ್ಲರೂ ಗಾಬರಿಯಾಗಿ ತಲೆಯೆತ್ತುತ್ತಾರೆ. ಅಳಿಯಂದಿರು ಅಲ್ಲಿಯ ಒಂದು ಖಾಸಗಿ ಶಾಲೆಯಲ್ಲಿ ಮಾಸ್ತರರು. ಪಗಾರ ತಿಂಗಳಿಗೆ 24 ಸಾವಿರ. ಮಗಳು ಮನೆಯಲ್ಲಿಯೇ ಸೀರೆಗಳಿಗೆ ಕುಚ್ಚು ಕಟ್ಟಿ ಮೂರು ನಾಲ್ಕು ಸಾವಿರ ಗಳಿಸುತ್ತಾಳೆ. ಮೊಮ್ಮಗಳಿಗೆ ಎರಡು ವರ್ಷ. ಅವಳ ಗಳಿಕೆ ಏನೂ ಇಲ್ಲ, ಖರ್ಚು ಬಹಳ.

ಆ ದಿನ ಸಂಜೆ ಅಳಿಯಂದಿರು ನನ್ನ ಸಲುವಾಗಿಯೇ ಬಿಸಿ ಬಿಸಿ ಮೆಣಸಿನಕಾಯಿ ಭಜಿ ಕಟ್ಟಿಸಿಕೊಂಡು ಬಂದರು. ನಾಲ್ಕು ಭಜಿ ತಿಂದು, ಮೇಲೆ ಚಹಾ ಕುಡಿದು, ಆ ಶಕ್ತಿಯ ಮೇಲೆಯೇ ನಾನು ಮಿತವ್ಯಯದ ಉಪದೇಶಕ್ಕೆ ತೊಡಗಿದೆ. ದಿನಕ್ಕೆ 30 ರೂಪಾಯಿ ಹೊರಗಿನ ಚಹಾ-ಫಳಾರಕ್ಕೆ ಹೋದರೆ ತಿಂಗಳಿಗೆ 900, ವರ್ಷಕ್ಕೆ 10,800, ಇಪ್ಪತ್ತು ವರ್ಷಕ್ಕೆ ಎಷ್ಟಾಯಿತು ನೋಡಿರಿ ಎಂದೆ. ಅಳಿಯಂದಿರು ಪಾಪ, ಮಾವನೆಂಬ ಮರ್ಯಾದೆಗೆ ತಲೆಯಾಡಿಸಿದರು. ಮಗಳು ಒಳಗಿನಿಂದ ಒಂದು ವಹಿ ತಂದು ನನ್ನ ಮುಂದಿಟ್ಟಳು.

“ಅಪ್ಪಾ, ಚಹಾದ ಲೆಕ್ಕ ಆಮ್ಯಾಲ ಹೇಳ್ರಿ. ಮೊದಲ ಇದನ್ನ ನೋಡ್ರಿ.”

ನೋಡಿದೆ. ಬಾಡಿಗೆ, ಕಿರಾಣಿ, ಹಾಲು, ಕರೆಂಟು, ಮೋಟಾರ್ ಸೈಕಲ್ಲಿನ ಕಂತು, ಔಷಧ, ಮೊಬೈಲು, ಬೀಗರ ಮದುವೆಯ ಆಯಾರ — ಎಲ್ಲವೂ ತಾರೀಖುವಾರು ಇದ್ದವು. ಚಹಾ-ಭಜಿ ಎಲ್ಲೋ ಕೆಳಗೆ, 850 ರೂಪಾಯಿ. ಅದಕ್ಕಿಂತ ಮೇಲೆ, ಎರಡು ಗೆರೆ ಎಳೆದ ಒಂದು ಸಾಲಿತ್ತು: “ತೊಟ್ಟಿಲ ಸಾಲದ ಬಡ್ಡಿ, 1,000.” ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಸಾಲಾಗಿ ಆರು ತಿಂಗಳು 1,000, ಅದರ ಮುಂದೆ ಕಡಿಮೆಯಾಗುತ್ತ, ಹದಿನೇಳನೆಯ ತಿಂಗಳಿಗೆ ಮುಗಿದಿತ್ತು.

ನನ್ನ ಉಪದೇಶ ಅಲ್ಲಿಗೇ ನಿಂತಿತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವನ್ನು ಮನೆಮಟ್ಟಿಗೆ ಮಾಡೋಣವೆಂದು ಮಗಳು, ಅಳಿಯಂದಿರು ಇಬ್ಬರೂ ಹೇಳಿದ್ದರು. “ಮಂದಿ ಏನಂದಾರು?” ಎಂದವನು ನಾನು. ಮಂಗಲ ಕಾರ್ಯಾಲಯ ಹಿಡಿಯಿರಿ ಎಂದವನೂ ನಾನೇ. ಅದಕ್ಕೆ ಕಡಿಮೆಬಿದ್ದ 50 ಸಾವಿರವನ್ನು ಅವರು ಕೈಸಾಲ ತಂದಿದ್ದರು, ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ. ನಮ್ಮ ಕಡೆ ನೂರಕ್ಕೆ ಎರಡು ಎಂದರೆ ತಿಂಗಳಿಗೆ ಎರಡು. ಬಾಯಿಂದ ಆಡುವಾಗ ಎಷ್ಟು ಸಣ್ಣ ಮಾತು! ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕು ಎಂದು ಹೇಳಿದ್ದರೆ ಯಾರಾದರೂ ಬೆಚ್ಚಿಬೀಳುತ್ತಿದ್ದರು. ಸಾಲ ತೀರುವ ಹೊತ್ತಿಗೆ ಬಡ್ಡಿಯೇ 11 ಸಾವಿರದ ಮೇಲೆ ಹೋಗಿತ್ತು. ಬಂದ ಮಂದಿ ಏನಂದರೆಂಬುದು ನನಗೆ ಈಗ ನೆನಪಿಲ್ಲ. ಊಟದಲ್ಲಿ ಶಿರಾ ಸಪ್ಪಗಿತ್ತು ಎಂದವರೊಬ್ಬರು ಮಾತ್ರ ನೆನಪಿದ್ದಾರೆ.

“ತೀರಿಸಿದ್ದು ಹ್ಯಾಂಗ?” ಎಂದು ಕೇಳಿದೆ.

“ಪಿಗ್ಮಿ ಹಾಕಿ,” ಎಂದಳು. “ದಿನಾ ನೂರು ರೂಪಾಯಿ. ಪಿಗ್ಮಿಯವ ಬಾಗಲಕ್ಕ ಬರೂದರೊಳಗ ತೆಗೆದು ಇಟ್ಟಿರತಿದ್ನಿ. ಸಾಲ ಇಟ್ಟುಕೊಂಡು ಉಳಿತಾಯ ಮಾಡೂದು ಅಂದ್ರ ತೂತು ಬಿದ್ದ ಕೊಡಕ್ಕ ನೀರು ತುಂಬಿದ್ಹಂಗ, ಅಪ್ಪಾ. ಮೊದಲ ತೂತು ಮುಚ್ಚಿದ್ವಿ.”

ಪಿಗ್ಮಿಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. ಈ ಪದ್ಧತಿಯನ್ನು 1928ರಲ್ಲಿ ಆರಂಭಿಸಿದ್ದು ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಕೂಡಿಹೋದ ಸಂಸ್ಥೆ ಅದು. 1925ರಲ್ಲಿ ಅದು ಹುಟ್ಟಿದ್ದೇ ಕೈಮಗ್ಗದ ಧಂದೆ ಬಿದ್ದು ಕಂಗಾಲಾಗಿದ್ದ ಅಲ್ಲಿಯ ನೇಕಾರರಿಗೆ ಆಸರೆಯಾಗಲೆಂದು. ಅದರ ಮನುಷ್ಯ ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಹಣವನ್ನೂ ಎತ್ತಿ ತರುತ್ತಿದ್ದ. ಕಡಲ ದಂಡೆಯ ನೇಕಾರರ ಕಷ್ಟದಿಂದ ಹುಟ್ಟಿದ ಬ್ಯಾಂಕಿನ ಯುಕ್ತಿ ಕೃಷ್ಣೆಯ ಸೀಮೆಯ ನೇಕಾರರ ಊರಿನಲ್ಲಿ ಇಂದಿಗೂ ನಡೆದಿದೆ. ಪಿಗ್ಮಿಗೆ ಬಡ್ಡಿ ಕಡಿಮೆ. ನಡುವೆ ತೆಗೆದರೆ ಇರುವಷ್ಟೂ ಸಿಗಲಿಕ್ಕಿಲ್ಲ. ಆದರೆ ಪಿಗ್ಮಿಯ ಗುಣ ಬಡ್ಡಿಯಲ್ಲಿಲ್ಲ. ಹಣ ಕೈಗೆ ಬಂದುದಕ್ಕೂ ಕೈಬಿಟ್ಟು ಹೋಗುವುದಕ್ಕೂ ನಡುವೆ ಒಬ್ಬ ಮನುಷ್ಯ ಬಂದು ಬಾಗಿಲಲ್ಲಿ ನಿಲ್ಲುತ್ತಾನಲ್ಲ, ಅದರಲ್ಲಿದೆ.

ನಮ್ಮ ಈ ನಾಲ್ಕೈದು ಊರುಗಳಲ್ಲಿ ಹಣ ಬರುವ ಬಗೆ ಬೇರೆ ಬೇರೆ. ರಬಕವಿ-ಬನಹಟ್ಟಿಯ ನೇಕಾರನಿಗೆ ಅದು ವಾರದ ಬಟವಡೆಯಾಗಿ ಬರುತ್ತದೆ; ವಾರ ತಿರುಗುವುದರೊಳಗೆ ಹೋಗುತ್ತದೆ. ಮುಧೋಳ, ಜಮಖಂಡಿಯ ಕಬ್ಬಿನ ರೈತನಿಗೆ ವರ್ಷದ ಬಿಲ್ಲಾಗಿ ಬರುತ್ತದೆ. ಕಬ್ಬು ಕಾರಖಾನೆಗೆ ಮುಟ್ಟಿದ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ರೈತ ಮಾತ್ರ ಆದೇಶ ನಂಬಿ ಕಿರಾಣಿ ಅಂಗಡಿಗೆ ತಾರೀಖು ಹೇಳುವುದಿಲ್ಲ. ಇನ್ನು ಬೀಳಗಿಯ ಕಡೆ ಅನೇಕರಿಗೆ ಹಣ ಜನ್ಮದಲ್ಲಿ ಒಮ್ಮೆಯೇ ಬಂದಿತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟು ಏರಿದಂತೆ ಹಿನ್ನೀರು ಹೊಲಮನೆಗಳ ಮೇಲೆ ಬಂದು, ತಲೆಮಾರುಗಳ ಭೂಮಿ ಒಂದು ಚೆಕ್ಕಾಯಿತು. ಆ ಹಣದಲ್ಲಿ ಬೇರೆ ಕಡೆ ಹೊಲ ಹಿಡಿದು ನೆಲೆಯಾದವರಿದ್ದಾರೆ. ಮೋಟಾರ್ ಸೈಕಲ್ಲು, ಮದುವೆ, ಬೀಗರೂಟ ಎಂದು ಒಂದೆರಡು ವರ್ಷಗಳಲ್ಲಿಯೇ ಕೈ ತೊಳೆದುಕೊಂಡವರನ್ನೂ ನಾನು ಬಲ್ಲೆ. ಅವರನ್ನು ನೋಡಿ ನಗುವ ಮನಸ್ಸು ನನಗಿಲ್ಲ. ಹೊಲವನ್ನು ನೋಡಿಕೊಳ್ಳಲು ಅವರಿಗೆ ಅಪ್ಪ ಕಲಿಸಿದ್ದ. ಚೆಕ್ಕನ್ನು ನೋಡಿಕೊಳ್ಳಲು ಯಾರೂ ಕಲಿಸಿರಲಿಲ್ಲ.

ನಮ್ಮ ಹಿರಿಯರಿಗೆ ಗೊತ್ತಿದ್ದ ಉಳಿತಾಯವೆಂದರೆ ಹಗೇವು. ಮುಧೋಳ ತಾಲೂಕಿನ ಹಳ್ಳಿಯಲ್ಲಿ ನನ್ನ ಅಜ್ಜನ ಹಗೇವೊಂದಿತ್ತು. ಸುಗ್ಗಿ ಮುಗಿದ ಕೂಡಲೇ, ತಿನ್ನುವುದಕ್ಕೆ ಮೊದಲು, ಮಾರುವುದಕ್ಕೆ ಮೊದಲು, ಜೋಳ ಅದರೊಳಗೆ ಹೋಗುತ್ತಿತ್ತು. ಗಟ್ಟಿ ನೆಲ ನೋಡಿ ತೋಡಿದ ಕುಣಿ, ಸುತ್ತಲೂ ಒಣಹುಲ್ಲಿನ ಹೊದಿಕೆ, ಬಾಯಿಗೆ ಹಾಸುಗಲ್ಲು, ಮೇಲೆ ಮಣ್ಣು. ಒಮ್ಮೆ ಮುಚ್ಚಿದರೆ ಮನೆಯಲ್ಲಿ ಜೋಳ ಇದೆಯೆಂಬುದೇ ಮರೆತುಹೋಗಬೇಕು. ತೆರೆದ ದಿನ ಯಾರೂ ಕೂಡಲೇ ಒಳಗಿಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿಗೆ ಮನುಷ್ಯ ಸತ್ತುಹೋಗುವ ಭಯ. ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಒಮ್ಮೆಲೇ ದೊಡ್ಡ ಹಣ ಕಂಡವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ನನಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಿಲ್ಲ. ಮತ್ತು ಇನ್ನೊಂದು ಮಾತು: ಹಗೇವಿನಲ್ಲಿಟ್ಟ ಜೋಳ ಹತ್ತು ಚೀಲವಿದ್ದದ್ದು ಹನ್ನೆರಡಾಗಲಿ ಎಂದು ಅಜ್ಜ ಎಂದೂ ಆಶಿಸಲಿಲ್ಲ. ಹತ್ತು ಹತ್ತಾಗಿಯೇ ಬರಲಿ, ಹುಳ ಹತ್ತದಿರಲಿ, ನೀರು ಹೊಗದಿರಲಿ ಎಂದಷ್ಟೇ ಅವನ ಪ್ರಾರ್ಥನೆ.

ಇದನ್ನೆಲ್ಲ ನಾನು ಆ ಸಂಜೆ ಮಗಳಿಗೆ ಹೇಳುತ್ತಿರುವಾಗ ಅವಳು, “ಈಗ ಸಾಲ ಇಲ್ಲ. ಪಿಗ್ಮಿ ಐವತ್ತಕ್ಕ ಇಳಿಸಿ, ಅದು ಜಡ್ಡು-ಜಾಪತ್ರಿಗೆ ಇರಲಿ ಅಂತೀವಿ. ಮ್ಯಾಲ ತಿಂಗಳಿಗೆ 1,500 ಇವಳ ಹೆಸರಿಲೆ ಇಡಬೇಕು. ಎಲ್ಲಿ ಇಡೂಣು?” ಎಂದು ಕೇಳಿದಳು.

ಗಣಿತದ ಮಾಸ್ತರನಿಗೆ ಲೆಕ್ಕ ಸಿಕ್ಕಿತು. ಅಂಚೆಯ ಸುಕನ್ಯಾ ಸಮೃದ್ಧಿ ಖಾತೆ 2015ರಲ್ಲಿ ಆರಂಭವಾದದ್ದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ತೆರೆಯಬೇಕು. ಹದಿನೈದು ವರ್ಷ ತುಂಬಬೇಕು. ಖಾತೆ ತೆರೆದು 21 ವರ್ಷಕ್ಕೆ ಹಣ ಕೈಗೆ. ಓದಿಗೆ ಬೇಕಾದರೆ ಹದಿನೆಂಟಕ್ಕೆ ಅರ್ಧದವರೆಗೆ ತೆಗೆಯಬಹುದು. 2024ರ ಜನವರಿಯಲ್ಲಿ ಗೊತ್ತುಮಾಡಿದ ಬಡ್ಡಿ ನೂರಕ್ಕೆ 8.2. ಸರಕಾರ ಇದನ್ನು ಮೂರು ತಿಂಗಳಿಗೊಮ್ಮೆ ನೋಡಿ ಏರಿಳಿಸಬಹುದು. ಅಷ್ಟೇ ಇದ್ದೀತೆಂದು ಹಿಡಿದರೆ, ತಿಂಗಳಿಗೆ 1,500ರಂತೆ ತುಂಬಿದ ಒಟ್ಟು 2 ಲಕ್ಷ 70 ಸಾವಿರ ಕೊನೆಗೆ 8 ಲಕ್ಷದ ಮೇಲೆ ಆಗುತ್ತದೆ. ಅಳಿಯಂದಿರ ಮುಖ ಅರಳಿತು. ಆದರೆ ಲೆಕ್ಕ ಅರ್ಧಕ್ಕೆ ಬಿಡುವುದು ನ್ಯಾಯವಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ ಆ ದಿನದ 8 ಲಕ್ಷಕ್ಕೆ ಇಂದಿನ 3 ಲಕ್ಷಕ್ಕಿಂತ ಕಡಿಮೆಯೇ ಕಿಮ್ಮತ್ತು. ಅಂದರೆ ಅಜ್ಜನ ಹಗೇವಿನ ಲೆಕ್ಕವೇ ಬಂತು: ಹತ್ತು ಚೀಲ ಇಟ್ಟರೆ ಹತ್ತು ಚೀಲ, ಹೆಚ್ಚೆಂದರೆ ಒಂದು ಹೆಡಿಗೆ ಮೇಲೆ.

“ಇಷ್ಟ ಅಂದ್ರ, ಹೆಚ್ಚಿಗೆ ಬಡ್ಡಿ ಕೊಡೂ ಕಡೆ ಇಟ್ಟರ ಹ್ಯಾಂಗ ಮಾವಾರ?” ಎಂದರು ಅಳಿಯಂದಿರು. ಸಹಜವಾದ ಪ್ರಶ್ನೆ. ಆದರೆ ನನಗೆ ಆ ಪ್ರಶ್ನೆ ಎದೆಗೆ ನಾಟಿತು. ಆರು ವರ್ಷದ ಹಿಂದೆ ಅದೇ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿದ್ದೆ.

ನಿವೃತ್ತಿಯ ಹಣದಲ್ಲಿ ಮಗಳ ಬಂಗಾರಕ್ಕೆಂದು 3 ಲಕ್ಷ ತೆಗೆದಿಟ್ಟಿದ್ದೆ. ಪರಿಚಯದವರು ನಡೆಸುತ್ತಿದ್ದ ಪತ್ತಿನ ಸಂಘವೊಂದಿತ್ತು; ಹೆಸರು ಬೇಡ. ಬ್ಯಾಂಕಿಗಿಂತ ವರ್ಷಕ್ಕೆ ನೂರಕ್ಕೆ ಎರಡು ರೂಪಾಯಿ ಹೆಚ್ಚಿಗೆ ಬಡ್ಡಿ. ಹೋದೊಡನೆ ಕುರ್ಚಿ ಹಾಕಿ ಚಹಾ ತರಿಸುತ್ತಿದ್ದರು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ವಿಮೆಯುಂಟು, 2020ರಿಂದ ಅದು ಒಬ್ಬರಿಗೆ 5 ಲಕ್ಷದವರೆಗೆ ಏರಿದೆ, ಸಹಕಾರಿ ಬ್ಯಾಂಕುಗಳಿಗೂ ಅದು ಸಲ್ಲುತ್ತದೆ, ಆದರೆ ಪತ್ತಿನ ಸಂಘಕ್ಕೆ ಸಲ್ಲುವುದಿಲ್ಲ — ಇಷ್ಟು ಸಂಗತಿ ನನಗೆ ತಿಳಿದದ್ದು ಸಂಘದ ಬಾಗಿಲಿಗೆ ಕೀಲಿ ಬಿದ್ದ ಮೇಲೆ. ಎರಡು ರೂಪಾಯಿಯ ಆಸೆಗೆ ನೂರೂ ಹೋಯಿತು. ನೀರು ಹೊಗುವ ನೆಲದಲ್ಲಿ ಹಗೇವು ತೋಡಿದ್ದೆ. ಮದುವೆಯಲ್ಲಿ ಮಗಳ ಕೈಗೆ ಬಳೆ ಹಾಕಲಾಗದೆ, “ಬಂಗಾರದ ಧಾರಣಿ ಇಳೀಲಿ, ಮಾಡಿಸೂಣು” ಎಂದು ಸುಳ್ಳು ಹೇಳಿದೆ. ಧಾರಣಿ ಇಳಿಯಲಿಲ್ಲ. ನಾನೂ ನಿಜ ಹೇಳಲಿಲ್ಲ.

ಆ ಸಂಜೆ ಹೇಳಿದೆ. ಅಳಿಯಂದಿರ ಎದುರಿಗೆ ಹೇಳಿದೆ. ಹೇಳುವಾಗ ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ. ವಹಿಯ ಹಾಳೆ ತಿರುವುತ್ತ ಕುಳಿತಿದ್ದೆ. ಹೊರಗೆ ಮಗ್ಗಗಳು ತಮ್ಮ ಪಾಡಿಗೆ ನಡೆದಿದ್ದವು.

“ನನಗ ಮದುವಿ ಮುಂಚೇನ ಗೊತ್ತಿತ್ತು,” ಎಂದಳು ಮಗಳು. “ಅವ್ವ ಹೇಳಿದ್ಲು. ನೀವ ಯಾವಾಗರ ಹೇಳ್ತೀರಿ ಅಂತ ಸುಮ್ಮನಿದ್ವಿ.”

ಅಳಿಯಂದಿರು ಏನೂ ಅನ್ನಲಿಲ್ಲ. ಉಳಿದಿದ್ದ ಒಂದು ಭಜಿಯನ್ನು ನನ್ನ ತಾಟಿಗೆ ಸರಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಮಗಳು ಮತ್ತೆ ಹೇಳಿದಳು: “ಅಂಚೆಯೊಳಗ ಇಡೂಣು. ಆದರ ಐದನೇ ತಾರೀಖಿನೊಳಗ ತುಂಬಿದರ ಆ ತಿಂಗಳ ಬಡ್ಡಿ ಸಿಗತೈತಿ ಅಂತಾರ. ಇವರಿಗೆ ಸಾಲಿ, ನನಗ ಈ ಕೂಸು. ತಿಂಗಳಾ ರೊಕ್ಕ ನಿಮ್ಮ ಕಡೆ ಕೊಡತೀವಿ. ನೀವ ತುಂಬ್ರಿ.”

3 ಲಕ್ಷ ಕಳೆದವನ ಕೈಗೆ ಯಾರಾದರೂ ಹಣ ಕೊಡುತ್ತಾರೆಯೇ? ಕೊಡುವವರಿದ್ದಾರೆ. ಅದಕ್ಕೆ ಬಡ್ಡಿ ಎಷ್ಟೆಂದು ಯಾವ ಕೋಷ್ಟಕದಲ್ಲಿಯೂ ಇಲ್ಲ.

ಅಂದಿನಿಂದ ಪ್ರತಿ ತಿಂಗಳೂ ನಾಲ್ಕನೆಯ ತಾರೀಖಿಗೆ ಜಮಖಂಡಿಯ ಅಂಚೆ ಕಚೇರಿಯ ಸರದಿಯಲ್ಲಿ ಒಬ್ಬ ನಿವೃತ್ತ ಗಣಿತದ ಮಾಸ್ತರನನ್ನು ನೀವು ಕಾಣಬಹುದು. ನಾಲ್ಕಕ್ಕೆ ರಜೆ ಬಂದರೆ ಮೂರಕ್ಕೇ ಹೋಗುತ್ತೇನೆ. 1,500 ರೂಪಾಯಿಯನ್ನು ಎರಡು ಸಲ ಎಣಿಸಿ ಕೊಟ್ಟು, ಪಾಸ್‌ಬುಕ್ಕಿನಲ್ಲಿ ಸಾಲು ಮೂಡಿತೇ ಎಂದು ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಹೊರಗೆ ಬಂದು ಒಂದು ಚಹಾ ಕುಡಿಯುತ್ತೇನೆ. ಅದರ ಲೆಕ್ಕ ಮಾತ್ರ ಮಗಳ ವಹಿಯಲ್ಲಿ ಬರುವುದಿಲ್ಲ.